ಅಗಲ ಟೈರಿನ ಚಕ್ರವರ್ತಿ

"ಈ ಊರಿನ ರಸ್ತೆ ಇಷ್ಟು ದಿನ ಒಬ್ಬ ಗಂಡಸಿಗಾಗಿ ಕಾಯ್ತಿತ್ತು. ಇವತ್ತು ಸಿಕ್ಕಿದ್ದಾನೆ!" ಎಂದು ಲೋವೆಲ್ ಟಿಬ್ಸ್ ಮಹಾಶಯ ಮನೆ ಮುಂದೆ ನಿಂತು ಘೋಷಿಸಿದ. ಕೇಳಿಸಿಕೊಂಡವರು ಹೆಂಡತಿ ಜೊನೆಟ್, ಅವರ ಜೊತೆಗೇ ಇರುವ ಅವಳ ಅಮ್ಮ, ಅಂದರೆ ಇವನ ಅತ್ತೆ ಆರ್ಲೀನ್ ಮತ್ತು ಪಕ್ಕದ ಮನೆಯ ನಾಯಿ. ಬಾಲ ಆಡಿಸಿದ್ದು ನಾಯಿ ಮಾತ್ರ.

ಇಷ್ಟೆಲ್ಲಾ ಆರ್ಭಟಕ್ಕೆ ಕಾರಣ ಅವನ ಪಿಕಪ್. ಪಿಕಪ್ ತಯಾರಿಸುವವರಿಗೆ ತಲೆ ಇರುತ್ತದೆ. ಹಿಂದೆ ಭಾರ ಬಿದ್ದಾಗ ಗಾಡಿ ಸಮವಾಗಲಿ ಎಂದು ಹಿಂಭಾಗವನ್ನು ತುಸು ಎತ್ತರಿಸಿ, ಮೂತಿ ತಗ್ಗಿಸಿಯೇ ಕಳಿಸುತ್ತಾರೆ. ಆದರೆ ಒಕ್ಲಹೋಮಾದ ನಮ್ಮ ಗಂಡಸರಿಗೆ ಆ ತಗ್ಗಿದ ಮೂತಿ ಕಂಡರೆ ಮಾನವೇ ಹೋದಂತಾಗುತ್ತದೆ. ಗಾಡಿ ಕಂಡವರಿಗೆಲ್ಲ ತಲೆ ಬಾಗುವುದೆಂದರೇನು! ಹಾಗಾಗಿ ಲೋವೆಲ್ ಹೋದ ವರ್ಷವೇ ಮುಂಭಾಗ ಎತ್ತರಿಸಿ ಗಾಡಿಯನ್ನು ಮಟ್ಟ ಮಾಡಿಸಿದ್ದ. ಈಗ ಅದಕ್ಕೆ ಅಗಲವಾದ ಚಕ್ರ, ಮೇಲೆ ಟ್ರ್ಯಾಕ್ಟರೂ ನಾಚುವಂಥ ಟೈರು! ನಾಲ್ಕೂ ಕಡೆ ಅಂಗೈಯಗಲ ಹೊರಗೆ ಚಾಚಿಕೊಂಡಿದ್ದವು.

"ಹೇಗಿದೆ?"

"ಮಗು ಅಪ್ಪನ ಬೂಟು ಹಾಕ್ಕೊಂಡ ಹಾಗಿದೆ," ಅಂದಳು ಜೊನೆಟ್. "ಅದಿರ್ಲಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಎಲ್ಲೂ ತಾಗಲ್ಲ ತಾನೆ? ಒಂದ್ಸಲ ಇಲ್ಲೇ ತಿರುಗಿಸಿ ನೋಡಬಾರ್ದಾ?"

"ಪೂರ್ತಿ ಯಾಕೆ ತಿರುಗಿಸ್ಬೇಕು? ಗಂಡಸಾದವನು ನೇರವಾಗಿ ಹೋಗ್ತಾನೆ ಕಣೇ!"

"ಹಾಗಾದ್ರೆ ಸ್ಟೇರಿಂಗ್ ಯಾಕಪ್ಪಾ? ಕಿತ್ತು ಮಾರ್ಕೋ," ಅಂದಳು ಅತ್ತೆ.

ಜೊನೆಟ್‌ಗೆ ಟೈರಿನ ಗೊಡವೆ ಬೇಕಿರಲಿಲ್ಲ. ಅವಳ ಜೀವವೆಲ್ಲಾ ಏಪ್ರಿಲ್ ತಿಂಗಳ ಮೀನಿನ ಸ್ಪರ್ಧೆಯಲ್ಲಿತ್ತು. ಒಂದು ದೋಣಿಗೆ ಒಂದೇ ಮನೆಯ ಇಬ್ಬರು. ಹೆಚ್ಚು ತೂಕದ ಬ್ಯಾಸ್ ಮೀನು ಹಿಡಿದು ತಂದವರಿಗೆ ಟ್ರೋಫಿ. ಆ ಟ್ರೋಫಿ ವರ್ಷ ವರ್ಷವೂ ಅವಳ ಅಕ್ಕ ರೊವೀನಾಳ ಮನೆಗೇ ಹೋಗಿ, ಟೀವಿ ಪಕ್ಕ ಕೂತು ಇವಳನ್ನು ಅಣಕಿಸುತ್ತಿತ್ತು.

"ಈ ಸಲ ಸೋತ್ರೆ ಕ್ರಿಸ್ಮಸ್ಸಿಗೂ ಅಕ್ಕನ ಮನೆ ಮೆಟ್ಟಿಲು ಹತ್ತಲ್ಲ," ಎಂದು ಜೊನೆಟ್ ಆಣೆ ಇಟ್ಟಿದ್ದಳು.

ಸ್ಪರ್ಧೆಯ ದಿನ ಬೆಳ್ಳಂಬೆಳಿಗ್ಗೆ ದೋಣಿಯ ಟ್ರೈಲರ್ ಕಟ್ಟಿಕೊಂಡು ಹೊರಟರು. ನೋಡಲು ಬರುತ್ತೇನೆಂದ ಅತ್ತೆಯನ್ನು ಅಡುಗೆಮನೆಯ ಸ್ಟೂಲಿಟ್ಟು ಗಾಡಿಗೆ ಹತ್ತಿಸಬೇಕಾಯಿತು. ದೋಣಿಯ ಭಾರಕ್ಕೆ ಹಿಂಭಾಗ ಕುಸಿದು, ದುಡ್ಡು ಸುರಿದು ಮಟ್ಟ ಮಾಡಿಸಿದ ಗಾಡಿ ಈಗ ಆಕಾಶ ನೋಡುತ್ತಿತ್ತು. ಹೆಡ್‌ಲೈಟು ರಸ್ತೆಯನ್ನು ಬಿಟ್ಟು ಮರದ ಮೇಲಿನ ಹಕ್ಕಿಗಳನ್ನು ಎಬ್ಬಿಸಿತು. ಪ್ರತಿ ತಿರುವಿನಲ್ಲೂ "ಕರ್‌ರ್‌ರ್" ಎಂದು ಸದ್ದು.

"ಏನದು?"

"ಹೊಸ ಟೈರು, ಪಳಗಬೇಕು ಅಷ್ಟೆ," ಎಂದು ಲೋವೆಲ್ ರೇಡಿಯೋ ಜೋರು ಮಾಡಿದ.

ಸರೋವರದ ಇಳಿಜಾರಿನಲ್ಲಿ ಟ್ರೈಲರನ್ನು ಹಿಮ್ಮುಖವಾಗಿ ಇಳಿಸಿ ದೋಣಿಯನ್ನು ನೀರಿಗೆ ಬಿಡಬೇಕು. ಅಲ್ಲಿ ಗಂಡಸಿನ ಯೋಗ್ಯತೆ ತೀರ್ಮಾನವಾಗುವುದೇ ಅದರಲ್ಲಿ. ಮಡಚುವ ಕುರ್ಚಿ ಹಾಕಿಕೊಂಡು, ಕಾಫಿ ಹೀರುತ್ತ, ಯಾರು ಎಡವಟ್ಟು ಮಾಡುತ್ತಾರೋ ಎಂದು ಕಾಯುವವರೇ ಒಂದು ಜಾತ್ರೆಯಷ್ಟು ಜನ ಇದ್ದರು. ಲೋವೆಲ್ ಕಿಟಕಿಯಿಂದ ಮೊಣಕೈ ಹೊರಗಿಟ್ಟು ರಾಜಗಾಂಭೀರ್ಯದಿಂದ ರಿವರ್ಸ್ ಹೊರಟ. ಅರ್ಧ ದಾರಿಯಲ್ಲಿ ಟ್ರೈಲರ್ ಪಕ್ಕಕ್ಕೆ ಹೊರಳಿತು. ಸರಿಪಡಿಸಲು ಸ್ಟೇರಿಂಗನ್ನು ಪೂರ್ತಿ ತಿರುಗಿಸಿದ.

ಕರ್‌ರ್‌ರ್‌ರ್!

"ನಿಲ್ಸು ಮಹಾರಾಯ, ಎಲ್ಲೋ ಕಚ್ಚಿಕೊಂಡಿದೆ!" ಜೊನೆಟ್ ಕೂಗಿದಳು.

"ಕಚ್ಚಿಕೊಂಡ್ರೆ ಬಿಡಿಸೋಕೆ ನಂಗೆ ಗೊತ್ತು!" ಎಂದು ಲೋವೆಲ್ ಆಕ್ಸಿಲರೇಟರ್ ಒತ್ತಿದ.

ಢಬ್! ಗಾಡಿಯ ತಗಡಿನ ಅಂಚು ಕೊಯ್ದು ಮುಂದಿನ ಟೈರು ಸಿಡಿಯಿತು. ಗಾಡಿ ಇಳಿಜಾರಿಗೆ ಅಡ್ಡಡ್ಡ ನಿಂತಿತು. ಹಿಂದೆ ಕಾಯುತ್ತಿದ್ದ ದೋಣಿಗಳ ಸಾಲು ಒಟ್ಟಿಗೇ ಹಾರನ್ ಬಾರಿಸಿತು.

"ಏನ್ ಲೋವೆಲ್, ಗುಂಡು ಹಾರಿಸಿ ಮೀನು ಹಿಡಿಯೋ ಪ್ಲಾನಾ?" ಆಗಲೇ ನೀರಿಗಿಳಿದಿದ್ದ ರೊವೀನಾ ದೋಣಿಯಿಂದಲೇ ಕೂಗಿದಳು.

ಬೈಯುತ್ತಲೇ ನಾಲ್ಕಾರು ಜನ ಬಂದು ಟ್ರೈಲರ್ ಕಳಚಿ, ಹಗ್ಗ ಹಿಡಿದು ಕೈಯಿಂದಲೇ ನೀರಿಗಿಳಿಸಿದರು. ಲೋವೆಲ್ ಓಡಿ ದೋಣಿ ಹತ್ತಲು ಹೋದ. ಸ್ಪರ್ಧೆಯ ಮೇಲ್ವಿಚಾರಕ ತೋಳು ಹಿಡಿದು ನಿಲ್ಲಿಸಿದ.

"ಗಾಡಿ ತೆಗೆಯೋವರೆಗೂ ನೀನು ಎಲ್ಲಿಗೂ ಹೋಗೋ ಹಾಗಿಲ್ಲ."

ಜೊನೆಟ್‌ಳ ಕಣ್ಣಲ್ಲಿ ನೀರು ತುಂಬಿತು. "ಇಬ್ಬರಿಲ್ದೆ ನನ್ನ ಬಿಡಲ್ಲ. ಮುಗೀತು! ನಿನ್ನ ಟೈರಿಗಿಷ್ಟು ಬೆಂಕಿ ಹಾಕ!"

ಅಷ್ಟರಲ್ಲಿ ಗಾಡಿಯ ಒಳಗಿಂದ ಗುಡುಗು ಕೇಳಿಸಿತು. "ಯಾರಾದ್ರೂ ನನ್ನನ್ನ ಈ ಅಟ್ಟದಿಂದ ಇಳಿಸ್ರೋ! ನಾನೂ ಅದೇ ಮನೆಯವಳಲ್ವಾ?"

ಆರ್ಲೀನ್ ಅಜ್ಜಿಯನ್ನು ಇಬ್ಬರು ಎತ್ತಿ ದೋಣಿಯಲ್ಲಿ ಕೂರಿಸಿದರು. ಅಮ್ಮ ಮಗಳು ಹೊರಟೇಬಿಟ್ಟರು.

ಇತ್ತ ಚಕ್ರವರ್ತಿಗಳು ಸ್ಟೆಪ್ನಿ ಹಾಕಲು ಕೂತರು. ಟೈರು ದೊಡ್ಡದು ಮಾಡಿಸಿದ ಮಹಾನುಭಾವ ಸ್ಟೆಪ್ನಿಯನ್ನು ಹಳೇ ಅಳತೆಯದೇ ಉಳಿಸಿಕೊಂಡಿದ್ದ! ಅದನ್ನು ಹಾಕಿದ ಮೇಲೆ ಗಾಡಿ ಒಂದು ಮೂಲೆಗೆ ಒರಗಿ, ಸೊಂಟ ಉಳುಕಿದವರಂತೆ ಕುಂಟುತ್ತ ಇಳಿಜಾರು ಹತ್ತಿತು. ಕುರ್ಚಿಯಲ್ಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಲೋವೆಲ್ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು, ಮಧ್ಯಾಹ್ನದವರೆಗೆ ಗಾಡಿಯೊಳಗೇ ಅವಿತು ಕೂತ.

ಮಧ್ಯಾಹ್ನ ತೂಕ ಹಾಕಿದಾಗ ಟ್ರೋಫಿ ಜೊನೆಟ್‌ಳ ಕೈ ಸೇರಿತು. ರೊವೀನಾಳ ಮುಖ ಹುಳಿ ಮೊಸರಾಗಿತ್ತು. ಲೋವೆಲ್ ಮೆಲ್ಲಗೆ ಹತ್ತಿರ ಬಂದ. ದೊಡ್ಡ ತ್ಯಾಗಕ್ಕೆ ಸಿದ್ಧನಾದವನಂತೆ ಎದೆ ಮೇಲೆ ಕೈಯಿಟ್ಟ.

"ತಪ್ಪಾಯ್ತು ಕಣೇ. ನಿನಗೋಸ್ಕರ ನಾಳೆನೇ ಹಳೇ ಚಕ್ರ ಹಾಕಿಸ್ತೀನಿ."

"ಅಯ್ಯೋ, ಬೇಡವೇ ಬೇಡ!" ಜೊನೆಟ್ ಗಾಬರಿಯಿಂದ ಅವನ ಕೈ ಹಿಡಿದಳು. "ವರ್ಷ ವರ್ಷ ದೋಣೀಲಿ ಕೂತು ಆ ಟೈರು, ಈ ಎಂಜಿನ್ ಅಂತ ಬಾಯಿ ಬಡ್ಕೋತಿದ್ಯಲ್ಲ, ಮೀನೆಲ್ಲಾ ಅದಕ್ಕೇ ಹೆದರಿ ಅಕ್ಕನ ಕಡೆ ಓಡ್ತಿದ್ವು ಅಂತ ಇವತ್ತು ಗೊತ್ತಾಯ್ತು. ಮುಂದಿನ ವರ್ಷ ಇನ್ನೂ ದೊಡ್ಡ ಟೈರು ಹಾಕ್ಸು ಮಾರಾಯ!"