ಉಸಿರು ಬಿಡುವ ಕೆಲಸ

ಎರಡು ದಿನದ ಹುಲ್ಲನ್ನು ಒಂದೇ ಸಲ ಹಸುವಿನ ಮುಂದೆ ಹಾಕಿ ಊರಿಗೆ ಹೋಗಬಹುದು. ಹವಳಕ್ಕೆ ಹಾಗೆ ಮಾಡಬಾರದು ಎಂಬುದು ಶಾಂತರಾಜುವಿಗೆ ಬೆಳಿಗ್ಗೆ ಏಳೂವರೆಗೆ ಗೊತ್ತಾಯಿತು.

ಕೇರಳದ ಗಡಿಯೂರು ಬಾವಲಿಯ ಹೋಂಸ್ಟೇ ಒಂದರಲ್ಲಿ ಅವನು ಮೇಲ್ವಿಚಾರಕ. ಆನೆ ನೋಡಲು ಬಂದವರು ಆನೆ ಕಾಣದಿದ್ದರೆ ಬೇರೇನಾದರೂ ನೋಡಲಿ ಎಂದು ಮಾಲೀಕ ರಾಜನ್ ಮುಂದಿನ ಕೋಣೆಯಲ್ಲಿ ಗಾಜಿನ ತೊಟ್ಟಿ ಇಟ್ಟು, ಉಪ್ಪುನೀರು ತುಂಬಿ, ಜೀವಂತ ಹವಳ ಸಾಕಿದ್ದರು. ಅದಕ್ಕೆ ದಿನವೂ ಸುಣ್ಣದ ತಿಳಿನೀರು ಹನಿಹನಿಯಾಗಿ ಬೀಳಬೇಕು. ನಾಳೆ ಎಚ್.ಡಿ. ಕೋಟೆಯಲ್ಲಿ ಶಾಂತರಾಜುವಿನ ಅಕ್ಕನ ಮಗಳ ಮದುವೆ. ಹುಡುಗಿಯನ್ನು ಹಸೆಗೆ ಕರೆತರಬೇಕಾದ ಸೋದರಮಾವ ಇವನೊಬ್ಬನೇ. ಮೂರು ವರ್ಷದಲ್ಲಿ ಮೊದಲ ಸಲ ರಜ ಸಿಕ್ಕಿತ್ತು. ಆ ಅವಸರದಲ್ಲಿ ಎರಡು ದಿನದ ಸುಣ್ಣದ ನೀರನ್ನು ಚೊಂಬಿನಲ್ಲಿ ಒಮ್ಮೆಲೇ ಸುರಿದುಬಿಟ್ಟ.

8.3 ತೋರಿಸಬೇಕಾದ ಪಿಎಚ್ ಮೀಟರು 8.8 ತೋರಿಸಿತು. ಹವಳಗಳು ಮುನಿಸಿಕೊಂಡ ಬೀಗರಂತೆ ಮುದುಡಿಕೊಂಡವು. ಹವಳ ಸತ್ತರೆ ರಜವೂ ಇಲ್ಲ, ಕೆಲಸವೂ ಇಲ್ಲ.

"ಎರಡು ಕೊಡಂಪುಳಿ ಹಾಕು," ಅಂದಳು ಅಡುಗೆಯ ಕುಞ್ಞಮ್ಮ. "ಮೀನಿಗೆ ಆ ಹುಳೀನೇ ತಾನೇ ಹಾಕೋದು?"

"ಚೇಚಿ, ಇದು ಸಾರಲ್ಲ!"

"ಹೊಳೆ ನೀರು ತಂದು ಸುರಿಯಣ್ಣ," ಅಂದ ಕಾವಲಿನ ಚೆನ್ನ.

"ಉಪ್ಪುನೀರಿನ ಜೀವ ಕಣೋ, ಅದೂ ಸಾಯ್ತದೆ!"

ಕಲ್ಲಿಕೋಟೆಯಲ್ಲಿ ತೊಟ್ಟಿ ಮಾರಿದ ರತೀಶನಿಗೆ ಫೋನು ಹೋಯಿತು. "ಏನೂ ಹಾಕಬೇಡಿ. ಕಿಟಕಿ ಬಾಗಿಲು ಮುಚ್ಚಿ, ಗಾಳಿ ಮೋಟಾರು ಓಡ್ತಾ ಇರಲಿ. ಒಳಗೆ ಆದಷ್ಟು ಜನ ಕೂತು ಉಸಿರು ಬಿಡಲಿ. ಉಸಿರಿನ ಕಾರ್ಬನ್ ಡೈಆಕ್ಸೈಡ್ ನೀರಿಗೆ ಸೇರಿದ್ರೆ ಪಿಎಚ್ ತಾನಾಗಿ ಇಳೀತದೆ."

ಸುಮ್ಮನೆ ಕೂತು ಉಸಿರು ಬಿಡಲು ಬಾವಲಿಯಲ್ಲಿ ಯಾರಿಗೆ ಪುರಸೊತ್ತು? ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರ ಸಭೆ ಇವತ್ತೇ ಎಂಬುದು ಕುಞ್ಞಮ್ಮನಿಗೆ ನೆನಪಾಯಿತು. ಶಾಂತರಾಜು ಸಂಘದ ಮುಖ್ಯಸ್ಥೆ ಭಾಗ್ಯಮ್ಮನ ಜಗಲಿಗೆ ಓಡಿದ.

"ಬಾಗ್ಲು ಮುಚ್ಚಿದ ಕೋಣೇಲಿ ನಾವ್ಯಾಕಪ್ಪ ಬೇಯ್ಬೇಕು?" ಅಂದಳು ಭಾಗ್ಯಮ್ಮ.

"ಎಲ್ರೂ ನಾಳೆ ನಮ್ಮ ಅಕ್ಕನ ಮನೆ ಮದುವೆಗೆ ಬನ್ನಿ ಭಾಗ್ಯಕ್ಕ. ಜೀಪು ನಾನೇ ಮಾಡಿಸ್ತೀನಿ."

ಹತ್ತು ಜನ ಬಂದರು. ಮದುವೆ ಊಟದ ವಾಸನೆ ಹಿಡಿದು ಚೆನ್ನನೂ ಕುಞ್ಞಮ್ಮನೂ ಸೇರಿಕೊಂಡರು. ಸಂಘದ ಉಪ್ಪಿನಕಾಯಿ ಬೂಷ್ಟು ಹಿಡಿದದ್ದಕ್ಕೆ ಜಗಳ ಎದ್ದಿತು. ಜಗಳ ಜೋರಾದಷ್ಟೂ ಮೀಟರು ಇಳಿಯಿತು. ಹನ್ನೆರಡಕ್ಕೆ 8.6. ಆಮೇಲೆ ರಾಜಿಯಾಗುವ ಲಕ್ಷಣ ಕಂಡಿತು. ಸೆಕೆಗೆ ಬೆವತು ತೊಪ್ಪೆಯಾಗಿದ್ದ ಶಾಂತರಾಜು ದಣಿದ ದನಿಯಲ್ಲೇ ಕಡ್ಡಿ ಗೀರಿದ: "ಅಲ್ಲ ಭಾಗ್ಯಕ್ಕ, ಭರಣೀಗೆ ಒದ್ದೆ ಸೌಟು ಹಾಕಿದ್ದು ಯಾರು?"

ನಾಲ್ಕಕ್ಕೆ 8.3. ಹವಳಗಳು ಮೆಲ್ಲನೆ ಅರಳಿದವು. ಅವನಿಗೆ ಅಳುವೇ ಬಂತು.

ಅಲ್ಲಿಗೆ ಸುಮ್ಮನಿದ್ದು ಚೀಲ ಎತ್ತಿಕೊಳ್ಳಬೇಕಿತ್ತು. ಆದರೆ ಶಭಾಷ್‌ಗಿರಿಯ ಆಸೆ ಯಾರನ್ನು ಬಿಟ್ಟಿದೆ? ಮಾಲೀಕರಿಗೆ ವಿಡಿಯೋ ಕಾಲ್ ಮಾಡಿ ನಡೆದದ್ದನ್ನೆಲ್ಲ ಹೇಳಿದ. ಅವನ ಹೆಗಲ ಮೇಲಿಂದ ಇಣುಕಿ ಕುಞ್ಞಮ್ಮ, ಇವನು ಎಲ್ಲರನ್ನೂ ಮದುವೆಗೆ ಕರೆದಿದ್ದಾನೆಂದು ತನಗೂ ಚೆನ್ನನಿಗೂ ರಜ ಕೇಳಿದಳು.

"ಭೇಷ್ ಶಾಂತರಾಜೂ!" ಅಂದರು ರಾಜನ್. "ಆದ್ರೆ ಉಸಿರು ನಿಂತ ಮೇಲೆ ಮೀಟರು ಮತ್ತೆ ಏರಿಬಿಟ್ಟರೆ? ಎರಡು ದಿನ ಯಾರಾದ್ರೂ ಒಳಗೇ ಇರ್ಬೇಕು."

"ಚೆನ್ನ ಇರ್ತಾನೆ ಮುದಲಾಳಿ!"

"ಅವನನ್ನ ಮದುವೆಗೆ ಕರೆದವನು ನೀನು. ಕರೆದು ಬೇಡ ಅನ್ನೋದು ಮರ್ಯಾದೆಯಾ? ಅವರೆಲ್ಲ ಹೋಗಿಬರಲಿ. ನೀನಿರು."

ಆರಕ್ಕೆ ಕಾಡುದಾರಿಯ ಚೆಕ್‌ಪೋಸ್ಟಿನ ಗೇಟು ಮುಚ್ಚುತ್ತದೆ. ಐದೂವರೆಗೇ ಜೀಪು ತುಂಬಿತು. ಶಾಂತರಾಜು ಹುಡುಗಿಗೆ ತಂದಿದ್ದ ಸೀರೆಯನ್ನು ಭಾಗ್ಯಮ್ಮನ ಮಡಿಲಿಗಿಟ್ಟ.

"ಸಂಕಟ ಬೇಡ," ಅಂದಳು ಕುಞ್ಞಮ್ಮ. "ನಿನ್ನ ಅಕ್ಕಂಗೆ ಫೋನ್ ಮಾಡಿದ್ದೀನಿ. ಹುಡುಗೀನ ಹಸೆಗೆ ಕರ್ಕೊಂಡ್ ಬರೋಕೆ ಚೆನ್ನ ಒಪ್ಕೊಂಡಿದ್ದಾನೆ."

ಚೆನ್ನ ನಾಚುತ್ತ ಕೊರಳಪಟ್ಟಿ ಸರಿಮಾಡಿಕೊಂಡ. ಮೈಮೇಲಿದ್ದದ್ದು ಶಾಂತರಾಜು ಮದುವೆಗೆಂದು ಇಸ್ತ್ರಿ ಮಾಡಿಸಿಟ್ಟ ಹೊಸ ಶರ್ಟು.

ಜೀಪು ಹೋಯಿತು. ಶಾಂತರಾಜು ಒಳಗೆ ಬಂದು ಬಾಗಿಲು ಮುಚ್ಚಿ, ತೊಟ್ಟಿಯ ಎದುರು ಕುಕ್ಕರಿಸಿ, ಹೊಟ್ಟೆಯಾಳದಿಂದ ಒಂದು ನಿಟ್ಟುಸಿರು ಬಿಟ್ಟ.

ಮೀಟರು 8.2ಕ್ಕೆ ಇಳಿಯಿತು.