ನಮ್ಮ ಕಾಲೇಜಿಗೆ ಎ ಪ್ಲಸ್ ಬಂದ ಬಗೆ

ಎ ಪ್ಲಸ್ ಗ್ರೇಡ್ ಬಂದರೆ ಅತಿಥಿ ಉಪನ್ಯಾಸಕರು ಕಾಯಂ ಆಗುತ್ತಾರೆ ಎಂದು ಕೆಂಗೇರಿಯ ನಮ್ಮ ಕಾಲೇಜಿನಲ್ಲಿ ಎಲ್ಲರೂ ನಂಬಿದ್ದೆವು. ನಂಬಿಕೆ ಇದ್ದ ಕಡೆ ಈಗ ಹೇಳಲಿರುವಂಥವು ನಡೆಯುತ್ತಲೇ ಇರುತ್ತವೆ.

ಎಲ್ಲರಿಗಿಂತ ಹೆಚ್ಚು ನಂಬಿದ್ದವರು ಇತಿಹಾಸದ ಅತಿಥಿ ಉಪನ್ಯಾಸಕರು. ಬಾಗಲಕೋಟೆ ಕಡೆಯವರು, ನಾಗರಬಾವಿಯಲ್ಲಿ ಒಂಟಿ ರೂಮು. "ಕಾಯಂ ಆದ್ ಮ್ಯಾಗ ಮನೀ ಮಂದೀನ ಕರ್ಕೊಂಡ್ ಬರ್ತೀನ್ರಿ ಸಾರ್" ಎಂದು ಚಹಾ ಕುಡಿದಾಗೆಲ್ಲ ಹೇಳುತ್ತಿದ್ದರು.

೧. ಕೊಠಡಿ

ಗ್ರೇಡಿಗಾಗಿ ಆಡಳಿತ ಮಂಡಳಿ ಮೊದಲು ಒಬ್ಬ ಗುಣಮಟ್ಟ ನಿರ್ದೇಶಕರನ್ನು ನೇಮಿಸಿತು. ಅವರಿಗೆ ಕೊಠಡಿ ಬೇಕಲ್ಲ, ಇತಿಹಾಸದ ತರಗತಿಗೆ ಅಡ್ಡಲಾಗಿ ಪ್ಲೈವುಡ್ ಹೊಡೆದು ಅರ್ಧ ಕೊಟ್ಟರು. ಆಮೇಲೆ ನಾವೀನ್ಯ ನಿರ್ದೇಶಕರು ಬಂದರು, ಉಳಿದರ್ಧವೂ ಹೋಯಿತು. ಪಾಠ ಪಾರ್ಕಿಂಗ್‌ಗೆ ಇಳಿಯಿತು. ಮೇಷ್ಟ್ರು ದೂರು ಕೊಟ್ಟರೆ, ನಾವೀನ್ಯ ನಿರ್ದೇಶಕರು ಅದಕ್ಕೆ 'ಬಯಲು ಕಲಿಕೆ' ಎಂದು ಹೆಸರಿಟ್ಟು ತಮ್ಮ ಸಾಧನೆಗೆ ಸೇರಿಸಿಕೊಂಡರು.

೨. ಹಲಗೆ

ಪಾರ್ಕಿಂಗ್‌ಗೆ ಒಂದು ಕಪ್ಪು ಹಲಗೆ ಕೇಳಿದೆವು. ಮೀಟಿಂಗಿನ ಮೇಲೆ ಮೀಟಿಂಗು ನಡೆಯಿತು. ರಾಜಾಜಿನಗರದಿಂದ ಸಲಹೆಗಾರರು ಕಾರಿನಲ್ಲಿ ಬಂದರು, ಹೋಳಿಗೆ ಊಟ ಮಾಡಿದರು. ಕೊನೆಗೂ ಹಲಗೆ ಬಂತು, ಮೀಟಿಂಗ್ ಹಾಲಿಗೆ. ಹಲಗೆಯ ಬಗ್ಗೆ ಚರ್ಚಿಸುವಾಗ ಬರೆದು ತೋರಿಸಲು ಅಲ್ಲಿ ಏನೂ ಇರಲಿಲ್ಲವಂತೆ.

೩. ತಪಾಸಣೆ

ಗ್ರೇಡ್ ಕೊಡುವ ತಪಾಸಣಾ ಸಮಿತಿ ಬರುವ ಹೊತ್ತಿಗೆ ಗೋಡೆಗೆಲ್ಲ ಹೊಸ ಬಣ್ಣ. ವಿದ್ಯಾರ್ಥಿಗಳು ಒರಗಿ ಕೊಳೆ ಮಾಡುತ್ತಾರೆ, ಕೇಳಿದರೆ ನಿಜ ಬೇರೆ ಹೇಳುತ್ತಾರೆ ಎಂದು ಗುಣಮಟ್ಟ ನಿರ್ದೇಶಕರು ಅವರಿಗೆ ರಜೆ ಕೊಟ್ಟುಬಿಟ್ಟರು. ಸ್ಟಾಫ್ ರೂಮಿನಲ್ಲಿ ನಮ್ಮನ್ನೆಲ್ಲ ಮಾತಾಡಿಸಿದ ಸಮಿತಿಯ ಅಧ್ಯಕ್ಷರು, ಈಗ ಒಂದು ಪಾಠ ನೋಡಬೇಕು ಎಂದರು.

ಹಲಗೆ ಇದ್ದದ್ದು ಮೀಟಿಂಗ್ ಹಾಲಿನಲ್ಲಿ. ನಿರ್ದೇಶಕರು, ಉಪನಿರ್ದೇಶಕರು, ಸಂಯೋಜಕರು ಎಲ್ಲ ಕೋಟು ಕಳಚಿ ಸಾಲಾಗಿ ಕೂತರು. ಇವರು ಕೆಲಸದಲ್ಲಿದ್ದುಕೊಂಡೇ ಓದುವವರು ಎಂದು ಪ್ರಾಂಶುಪಾಲರು ವಿವರಿಸಿದರು.

ನಮ್ಮ ಮೇಷ್ಟ್ರು ಹೆಂಡತಿ ಮಕ್ಕಳನ್ನು ನೆನೆದು ಜೀವ ತೇದು ತುಘಲಕನ ಪಾಠ ಮಾಡಿದರು. ಅವನ ಯೋಜನೆ ಯಾಕೆ ಕೆಟ್ಟಿತು ಎಂದು ಅಧ್ಯಕ್ಷರು ಮುಂದಿನ ಸಾಲಿನ ಗುಣಮಟ್ಟ ನಿರ್ದೇಶಕರನ್ನು ಕೇಳಿದರು.

"ಮೀಟಿಂಗ್ ಕರೀಲಿಲ್ಲ ಸಾರ್."

ಅಧ್ಯಕ್ಷರಿಗೆ ಖುಷಿಯಾಯಿತು. ಹೊರಡುವಾಗ ಪ್ರಾಂಶುಪಾಲರ ಹೆಗಲು ತಟ್ಟಿದರು. "ಪಾಠ ಚೆನ್ನಾಗಿತ್ತು. ಆದ್ರೆ ಇಷ್ಟೇ ಜನ ವಿದ್ಯಾರ್ಥಿಗಳಿಗೆ ಅಷ್ಟೊಂದು ಮೇಷ್ಟ್ರು ಯಾಕ್ರೀ?"

ಮಕ್ಕಳಿಗೆ ರಜೆ ಕೊಟ್ಟಿದ್ದೇವೆ ಎನ್ನುವಂತಿರಲಿಲ್ಲ. ಪ್ರಾಂಶುಪಾಲರು ಹೌದೆಂದು ತಲೆಯಾಡಿಸಿದರು.

ಎ ಪ್ಲಸ್ ಬಂತು. ಅತಿಥಿ ಉಪನ್ಯಾಸಕರನ್ನು ತೆಗೆದರು.