ಒಂದನೇ ಕ್ಲಾಸಿನ ಚಾವಣಿ

ಕಾರ್ಪೊರೇಷನ್ ಶಾಲೆಗೆ ಹಣ ಕೇಳಲು ಹೊರಟವರಿಗೆ ಹಣ ಸಿಗುವುದು ಅನುಮಾನ. ಕತೆಗಳಂತೂ ಧಾರಾಳವಾಗಿ ಸಿಗುತ್ತವೆ. ಮೈಲಾಪೂರಿನ ನಮ್ಮ ಬೀದಿಯ ಶಾಲೆಯಲ್ಲಿ ಒಂದನೇ ಕ್ಲಾಸಿನ ಚಾವಣಿಯ ಗಾರೆ ಉದುರತೊಡಗಿತು. ಕೋಣೆಗೆ ಬೀಗ ಹಾಕಿ, ಮಕ್ಕಳನ್ನು ಮೂರನೇ ಕ್ಲಾಸಿನವರ ಜೊತೆ ಕೂರಿಸಿದರು. ರಿಪೇರಿ ಹಣ ಈ ವರ್ಷ ಕಡಿತವಾಗಿದೆ ಎಂದು ಮೇಲಿನಿಂದ ಸುದ್ದಿ ಬಂತು. ಜೂನ್ ಒಳಗೆ ಕೋಣೆ ಸರಿಯಾಗದಿದ್ದರೆ ಒಂದನೇ ಕ್ಲಾಸನ್ನು ದೊಡ್ಡ ರಸ್ತೆಯ ಆಚೆಗಿನ ಶಾಲೆಗೆ ಸೇರಿಸುತ್ತಾರಂತೆ. ಆ ರಸ್ತೆ ದಾಟುವಾಗ ನಾನೇ ಯಾರಾದರೂ ಧೈರ್ಯವಂತರ ಮರೆಯಲ್ಲಿ ನಡೆಯುತ್ತೇನೆ. ನನ್ನ ಮಗಳಿಗೆ ಐದು ವರ್ಷ, ಇದೇ ಶಾಲೆಯ ಯುಕೆಜಿ, ಜೂನ್‌ಗೆ ಒಂದನೇ ಕ್ಲಾಸು. ಹೀಗಾಗಿ ಗಿಂಡಿಯಲ್ಲಿರುವ ನನ್ನ ಆಫೀಸಿಗೆ ಅರ್ಧ ದಿನದ ರಜೆ ಹಾಕುತ್ತ ಹಾಕುತ್ತ ನಾನು ಹೋರಾಟಗಾರ್ತಿಯಾದೆ.

ಅನುಕಂಪ

ಮೊದಲು ನಮ್ಮ ಫ್ಲ್ಯಾಟುಗಳಲ್ಲೇ ಚಾವಣಿಯ ಅರ್ಜಿಗೆ ಸಹಿ ಕೇಳೋಣ ಎಂದು ಹೊರಟೆ. ಮೇಲಿನ ಮನೆಯವರು ಮೈಸೂರಿನವರು. ಬಾಗಿಲು ತೆರೆದು ನಗುತ್ತ, "ನಿಮ್ಮ ಮಗಳು ಯಾವ ಸ್ಕೂಲು?" ಎಂದರು.

"ಇದೇ. ಎದುರಿನ ಕಾರ್ಪೊರೇಷನ್ ಶಾಲೆ."

ನಗು ನಿಂತಿತು. ದನಿ ತಗ್ಗಿಸಿ, "ಕೆಲಸ ಹೋಯ್ತೇನ್ರೀ?" ಎಂದರು.

"ಇಲ್ಲ."

"ಯಜಮಾನ್ರದ್ದು?"

"ಅದೂ ಇದೆ. ಶಾಲೆ ಹತ್ತಿರ ಇದೆ, ಟೀಚರ್ ಚೆನ್ನಾಗಿ ಕಲಿಸ್ತಾರೆ, ಅಷ್ಟೇ."

"ಇರ್ಲಿ ಬಿಡಿ, ಎಲ್ಲರ ಮನೇಲೂ ಒಂದು ಕಾಲ ಹಾಗೆ ಬರುತ್ತೆ," ಎಂದು ನನ್ನ ಕೈ ಹಿಡಿದುಕೊಂಡರು. ಸಹಿ ಹಾಕಲಿಲ್ಲ. ಸಂಜೆ ಒಂದು ಡಬ್ಬಿ ಬಿಸಿಬೇಳೆಬಾತ್ ಬಂತು. ಮರುದಿನ ಪುಳಿಯೋಗರೆ. ನಮಗೆ ಕಷ್ಟವಿಲ್ಲ ಎಂದು ಅವರಿಗೆ ವಿವರಿಸಿ ಹೇಳಬೇಕು ಎಂದುಕೊಂಡೇ ತಿಂಗಳು ಕಳೆಯಿತು. ಅಡುಗೆ ಚೆನ್ನಾಗಿತ್ತು.

ಭಾಷಣ

ಶಾಲೆಯ ಅಂಗಳದಲ್ಲಿ ಪೋಷಕರ ಸಭೆ. ಪಕ್ಕದ ಬೀದಿಯ ಗಣ್ಯರೊಬ್ಬರು ತಾವಾಗಿಯೇ ಬಂದು ಮೈಕು ಹಿಡಿದರು. ಸರ್ಕಾರಿ ಶಾಲೆಯೇ ನಾಡಿನ ಉಸಿರು, ನಮ್ಮ ಮಕ್ಕಳ ಚಾವಣಿ ನಮ್ಮ ಹಕ್ಕು ಎಂದು ಗುಡುಗಿದರು. ನನಗೂ ಒಂದು ಕ್ಷಣ ಮೈ ಬಿಸಿಯಾಯಿತು, ಬಿಸಿಲೂ ಇತ್ತು. ಅಷ್ಟರಲ್ಲಿ ಅವರು ವಾಚು ನೋಡಿಕೊಂಡು, "ಕ್ಷಮಿಸಬೇಕು, ಮಗನ ಸ್ಕೂಲ್ ವ್ಯಾನ್ ಬರುವ ಹೊತ್ತು," ಎಂದು ಮೈಕು ಕೆಳಗಿಟ್ಟರು.

ಮುಂದಿನ ಸಾಲಿನಲ್ಲಿ ದೇವಸ್ಥಾನದ ಬಳಿ ಹೂ ಮಾರುವ ಅಜ್ಜಿ ಕೂತಿದ್ದರು. ಅವರ ಮೊಮ್ಮಗಳೂ ಜೂನ್‌ಗೆ ಒಂದನೇ ಕ್ಲಾಸು. "ವ್ಯಾನಾ? ಯಾವ ಸ್ಕೂಲು ಸಾರ್?" ಎಂದರು.

ಸಾರ್ ಹೇಳಿದ ಹೆಸರಿನ ಕೊನೆಯಲ್ಲಿ 'ಇಂಟರ್‌ನ್ಯಾಷನಲ್' ಎಂದಿತ್ತು.

"ಅಲ್ಲಿ ಚಾವಣಿ ಗಟ್ಟಿಯಾಗಿದೆಯಾ?"

ಅವರು ನಿಂತು, ಪ್ರಾಮಾಣಿಕವಾಗಿ ಯೋಚಿಸಿದರು. "ಗೊತ್ತಿಲ್ಲಮ್ಮ. ಎಸಿ ಹಾಕೋಕೆ ಫಾಲ್ಸ್ ಸೀಲಿಂಗ್ ಮಾಡಿದಾರೆ, ಚಾವಣಿ ಕಾಣಿಸಲ್ಲ."

ಮರ್ಯಾದೆ

ಹೆಡ್‌ಮಿಸ್ ಬೆನ್ನು ಬಿದ್ದದ್ದಕ್ಕೆ ಕಡೆಗೂ ಕಾರ್ಪೊರೇಷನ್ ಎಂಜಿನಿಯರ್ ಕೋಣೆ ನೋಡಲು ಬರುತ್ತೇನೆ ಎಂದರು. ಏರ್ಪಾಡು ನೋಡಿಕೊಂಡವರು ಬೀದಿಯ ಕೊನೆಯ ಹೋಟೆಲಿನ ಯಜಮಾನರು. ಕುಂದಾಪುರದ ಕಡೆಯವರು, ಅವರ ಅಡುಗೆಯವರ, ಸಪ್ಲೈಯರ್‌ಗಳ ಮಕ್ಕಳೆಲ್ಲ ಇದೇ ಶಾಲೆ.

ರೈಲು ತಡವಾಗಿ, ನಾನು ತಲುಪುವ ಹೊತ್ತಿಗೆ ಎಂಜಿನಿಯರ್ ಬಂದು ಹೋಗಿದ್ದರು. ಗೇಟಿಗೆ ಬಾಳೆಕಂದು, ಬಾಗಿಲಿಗೆ ಮಾವಿನ ತೋರಣ. ಕೋಣೆಯೊಳಗೆ ತಲೆಯೆತ್ತಿ ನೋಡಿದೆ. ಮದುವೆ ಚಪ್ಪರಕ್ಕೆ ಕಟ್ಟುವ ಹಳದಿ ಬಿಳಿ ಬಟ್ಟೆ, ಗೋಡೆಯಿಂದ ಗೋಡೆಗೆ, ಚಂದದ ನೆರಿಗೆ ಹಿಡಿದು ಕಟ್ಟಿತ್ತು.

"ಚಾವಣಿ ಎಲ್ಲಿ?" ಎಂದೆ.

"ಬಟ್ಟೆಯ ಮೇಲೆ ಉಂಟಲ್ಲ ಮೇಡಂ."

"ಅವರು ಬಂದಿದ್ದೇ ಅದನ್ನ ನೋಡೋಕೆ."

"ಹಾಗಂತ ಬಂದವರ ತಲೆ ಮೇಲೆ ಗಾರೆ ಬಿದ್ರೆ ಎಂತ ಮರ್ಯಾದೆ ಮಾರಾಯ್ರೆ?"

ಎಂಜಿನಿಯರಿಗೆ ಶಾಲು ಹೊದೆಸಿ, ಫೋಟೊ ತೆಗೆಸಿ, ಕಾಫಿ ಕೊಟ್ಟು ಕಳಿಸಿದ್ದರಂತೆ. ಕೋಣೆ ಸುಸ್ಥಿತಿಯಲ್ಲಿದೆ, ವಿಶೇಷವಾಗಿ ಮೇಲ್ಭಾಗ ಅಂದವಾಗಿದೆ ಎಂದು ಅವರು ವರದಿ ಕೊಟ್ಟರು.

ಸಾಂಬಾರು

ಎಂಜಿನಿಯರನ್ನು ಇನ್ನೊಮ್ಮೆ ಕರೆಸುವಷ್ಟರಲ್ಲಿ ಬೇಸಿಗೆ ಬಂತು. ಈ ಸಲ ನಾನೇ ಹೋಟೆಲಿಗೆ ಹೋಗಿ ಹೇಳಿದೆ: ಬಟ್ಟೆ ಬೇಡ, ತೋರಣ ಬೇಡ, ಶಾಲೂ ಬೇಡ. ಯಜಮಾನರು ಒಪ್ಪಿದರು, ಮಾತಿಗೂ ತಪ್ಪಲಿಲ್ಲ. ಊಟ ಬೇಡ ಎನ್ನಲು ನನಗೆ ಹೊಳೆದಿರಲಿಲ್ಲ.

ಉಳಿದ ಕೋಣೆಗಳಲ್ಲಿ ಪಾಠ ನಡೆಯುತ್ತಿತ್ತು. ಖಾಲಿ ಇದ್ದದ್ದು ಬೀಗ ಹಾಕಿದ ಕೋಣೆ ಒಂದೇ. ಅಲ್ಲಿಯೇ ಎಲೆ ಹಾಕಿದ್ದರು. ಗಾರೆ ಬೀಳುವ ಕೋಣೆ ನೋಡಲು ಬಂದವರನ್ನು ಅದೇ ಗಾರೆಯ ಕೆಳಗೆ ಊಟಕ್ಕೆ ಕೂರಿಸುವುದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಎಂಜಿನಿಯರಿಗೂ ಅನ್ನಿಸಲಿಲ್ಲ, ಇದೇ ನನಗೆ ಈಗಲೂ ಸೋಜಿಗ.

"ಸಾರ್, ಸ್ವಲ್ಪ ಮೇಲೆ ನೋಡಿ," ಎಂದೆ.

"ಮೊದಲ್ಲೆ ಸಾಪಾಡು, ಅಪ್ಪುರಂ ಪೇಚ್ಚು," ಎಂದರು. ಮೊದಲು ಊಟ, ಆಮೇಲೆ ಮಾತು.

ಯಜಮಾನರು ಅನ್ನದಲ್ಲಿ ಗುಳಿ ಮಾಡಿಸಿ ಸಾಂಬಾರು ಬಡಿಸಿದರು. ಮೇಲಿನಿಂದ ಅಂಗೈಯಗಲದ ಗಾರೆ ನೇರವಾಗಿ ಆ ಗುಳಿಗೆ ಬಿತ್ತು. ಎಂಜಿನಿಯರ ಬಿಳಿ ಷರಟು ಸಾಂಬಾರಿನ ಬಣ್ಣಕ್ಕೆ ತಿರುಗಿತು.

ಬಾಗಿಲಲ್ಲಿ ನಿಂತಿದ್ದ ಹೂವಿನ ಅಜ್ಜಿ ಕೈ ಜೋಡಿಸಿದರು. ಕೇಳಿಕೊಂಡದ್ದು ದೇವರಿಗೆ ಮುಟ್ಟಿತು ಅಂತ ಇರಬೇಕು. ಯಜಮಾನರು ಮಾತ್ರ ಸೌಟು ಹಿಡಿದೇ ಕುಸಿದು ಕೂತರು.

"ನಮ್ಮ ಅಜ್ಜನ ಕಾಲದಿಂದ ಹೋಟೆಲು ಉಂಟು ಮೇಡಂ. ಸಾಂಬಾರಲ್ಲಿ ಇಂದಿನವರೆಗೆ ಒಂದು ಕಲ್ಲು ಸಿಕ್ಕಿದ್ದಿಲ್ಲ. ಇವರು ಆಫೀಸಲ್ಲಿ ಹೋಗಿ ಎಂತ ಹೇಳ್ತಾರೆ?"

ಮರುದಿನದಿಂದ ಅವರು ಬೆಳಗಿನ ಗಿರಾಕಿಗಳನ್ನು ಮಗನಿಗೆ ಬಿಟ್ಟು ಕಾರ್ಪೊರೇಷನ್ ಆಫೀಸಿನ ಬಾಗಿಲಲ್ಲಿ ನಿಂತರು. ಗುಮಾಸ್ತರಿಂದ ಹಿಡಿದು ದೊಡ್ಡವರ ತನಕ ಒಂದೇ ಮಾತು: ಕಲ್ಲು ಬಂದದ್ದು ಸಾಂಬಾರಿನಿಂದಲ್ಲ, ನಿಮ್ಮ ಚಾವಣಿಯಿಂದ, ಹಾಗಂತ ಬರೆದು ಕೊಡಿ. ಆಫೀಸಿನ ಅರ್ಧ ಜನ ತಿಂಡಿ ತಿನ್ನುವುದು ಅವರ ಹೋಟೆಲಿನಲ್ಲೇ. ಮಕ್ಕಳ ತಲೆಗೆ ಅಪಾಯ ಎಂದು ನಾವು ವರ್ಷವಿಡೀ ಕೂಗಿದಾಗ ಇಲ್ಲದ ಹಣ, ಸಾಂಬಾರಿನ ಮಾನ ಹೋಗುತ್ತದೆ ಎಂದಾಗ ಎಲ್ಲಿಂದಲೋ ಹುಟ್ಟಿತು.

ಪರಿಶೀಲನೆ

ಜೂನ್‌ಗೆ ಮೊದಲು ಚಾವಣಿ ಆಯಿತು. ಗಟ್ಟಿಯಾಗಿದೆ ಎಂದು ಅದೇ ಎಂಜಿನಿಯರ್ ಸಹಿ ಹಾಕಿದರು. ಒಂದನೇ ಕ್ಲಾಸು ವಾಪಸು ಬರುವ ಹಿಂದಿನ ದಿನ ಹೊಸ ಕೋಣೆಯಲ್ಲಿ ಎಲ್ಲರಿಗೂ ಊಟ.

ಎಲೆಗೆ ಅನ್ನ ಬಿದ್ದದ್ದೇ ತಡ, ಎಂಜಿನಿಯರ್ ತಮ್ಮ ಎಲೆಯನ್ನು ಮೆಲ್ಲಗೆ ಎತ್ತಿಕೊಂಡು ಹೋಗಿ ವರಾಂಡದಲ್ಲಿ ಕೂತರು. ಹೂವಿನ ಅಜ್ಜಿ ಪಕ್ಕದ ಮೊಮ್ಮಗಳನ್ನು ನೋಡಿದರು, ಆಮೇಲೆ ಮೇಲೆ ನೋಡಿದರು.

"ಯಾಕೆ ಸಾರ್ ಆಚೆ?"

"ಇಲ್ಲಿ ಗಾಳಿ ಚೆನ್ನಾಗಿ ಬರುತ್ತಮ್ಮ."

ಯಜಮಾನರು ಸಾಂಬಾರಿನ ಬಕೆಟ್ಟನ್ನು ಕೋಣೆಯ ನಡುವೆ ಇಟ್ಟರು. "ಸಾರ್, ಸಾಂಬಾರು ಒಳಗೆ ಮಾತ್ರ."

ವರಾಂಡದಲ್ಲಿ ಬರೀ ಅನ್ನ ಆರುತ್ತಿತ್ತು. ಎಂಜಿನಿಯರ್ ಸ್ವಲ್ಪ ಹೊತ್ತು ಗಾಳಿ ಸೇವಿಸಿದರು. ಆಮೇಲೆ ಎಲೆ ಎತ್ತಿಕೊಂಡು ಒಳಗೆ ಬಂದು, ಅಜ್ಜಿ ತೋರಿಸಿದ ಜಾಗದಲ್ಲಿ, ಮೊಮ್ಮಗಳ ಪಕ್ಕ ಕೂತರು. ಸಾಂಬಾರು, ರಸ, ಪಾಯಸ, ಮಜ್ಜಿಗೆ ಎಲ್ಲ ಮುಗಿಯುವ ತನಕ ಕತ್ತು ಮೇಲೆತ್ತಿಯೇ ಉಂಡರು.

ಎಂಜಿನಿಯರೊಬ್ಬರು ಚಾವಣಿಯನ್ನು ಅಷ್ಟು ಹೊತ್ತು ಪರಿಶೀಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.